ಹಿಡಿದ ಉಸಿರಿನ ಅಳತೆ

ಕಾಗದ ಬಂದಾಗ ಟೈಲರಮ್ಮನ ಬಾಯಲ್ಲಿ ನಾಲ್ಕು ಗುಂಡುಸೂಜಿಗಳಿದ್ದವು. ಅದಕ್ಕೇ ಕೂಗಿಕೊಳ್ಳಲಿಲ್ಲ, ಅಷ್ಟೇ. ಇಲ್ಲದಿದ್ದರೆ ಬೀದಿಯ ಈ ತುದಿಯಿಂದ ಆ ತುದಿಗೆ ಕೇಳಿಸುತ್ತಿತ್ತು; ಅವಳ ಗಂಟಲೇ ಅಂಥದ್ದು. ಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿದಿಂಬಿಗೆ ಚುಚ್ಚಿ, ಕನ್ನಡಕವನ್ನು ಮೂಗಿಗೇರಿಸಿ ಇನ್ನೊಮ್ಮೆ ಓದಿದಳು. ಕೆಂಪಕ್ಷರದ ಸಾಲು ಎಲ್ಲಿಗೂ ಹೋಗಿರಲಿಲ್ಲ. "ಉಸಿರು ಊದುವ ಶಕ್ತಿ ಇರಬೇಕಾದ್ದರಲ್ಲಿ ನೂರಕ್ಕೆ ಎಪ್ಪತ್ನಾಲ್ಕು. ಅಸಹಜ. ಹದಿನೈದು ದಿನದೊಳಗೆ ಶ್ವಾಸಕೋಶದ ತಜ್ಞರನ್ನು ಕಾಣುವುದು."

ಕಾಗದ ಅವಳ ಹೆಸರಿಗೆ ಬಂದದ್ದಲ್ಲ, ಗಂಡ ಮೇಷ್ಟ್ರ ಹೆಸರಿಗೆ. ಮತ್ತೆ ಇವಳೇಕೆ ಒಡೆದಳು ಎಂದು ಕೇಳಬೇಡಿ. ಮೇಷ್ಟ್ರ ಕೈಗೆ ಕೊಟ್ಟ ಕಾಗದ ಯಾವುದಾದರೂ ಪುಸ್ತಕದ ನಡುವೆ ಗುರುತಿನ ಚೀಟಿಯಾಗಿ ಸೇರಿ ಆರು ತಿಂಗಳ ಮೇಲೆ ಹೊರಗೆ ಬೀಳುತ್ತಿತ್ತು. ಆದ್ದರಿಂದ ಮನೆಗೆ ಬಂದ ಕಾಗದಗಳನ್ನೆಲ್ಲ ಒಡೆಯುವ ಕೆಲಸ ಮೊದಲಿನಿಂದಲೂ ಅವಳದೇ. ಹೋದ ತಿಂಗಳು ಮೇಷ್ಟ್ರ ಕಾಲೇಜಿಗೆ ಆಸ್ಪತ್ರೆಯ ವ್ಯಾನು ಬಂದು, ಪಾಠ ಹೇಳುವವರಿಂದ ಹಿಡಿದು ಗಂಟೆ ಹೊಡೆಯುವವರವರೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಫಾರಂ ತುಂಬಿಸಿಕೊಂಡು, ಒಂದು ಕೊಳವೆಯಲ್ಲಿ ಊದಿಸಿತ್ತು. "ಪೀಪಿ ಊದೋ ಪರೀಕ್ಷೆ ಕಣೆ, ನಾನು ಪಾಸು" ಎಂದು ಮೇಷ್ಟ್ರು ನಗುತ್ತ ಮನೆಗೆ ಬಂದಿದ್ದರು.

ಟೈಲರಮ್ಮ ಹೊಲಿಗೆಯ ಮೆಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕುಸಿದು ಕೂತಳು.

"ಏನತ್ತಿಗೆ, ಮುಖ ಬಿಳುಚ್ಕೊಂಡಿದೆ?" ಎಂದಳು ನಾದಿನಿ. ಮೇಷ್ಟ್ರ ತಂಗಿ ಅವಳು, ಎದುರು ಮೂಲೆಯಲ್ಲಿ ಕೂತು ಗುಂಡಿಗೆ ಕಾಜಾ ಹೊಲಿಯುವವಳು. ಇಪ್ಪತ್ತು ವರ್ಷದಿಂದ ಅದೇ ಮೂಲೆ, ಅದೇ ಬಾಯಿ.

"ಏನಿಲ್ಲ. ಸೂಜಿ ಚುಚ್ತು."

"ಬಾಯಲ್ಲಿ ಸೂಜಿ ಇಟ್ಕೋಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳಲಿ? ಒಂದಿನ ನುಂಗಿ, ನಮ್ಮಣ್ಣನ ತಲೆ ಮೇಲೆ ಕೂರ್ತೀರ ನೋಡಿ."

ಟೈಲರಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಳತೆ ಪುಸ್ತಕದೊಳಗೆ ತುರುಕಿದಳು. ಕೆಂಪು ಸಾಲಿನ ಮೇಲೆ ಸಣ್ಣಕ್ಷರದ ಪೆಟ್ಟಿಗೆಯೊಂದಿತ್ತು, ನಂಬರು, ಎತ್ತರ, ತೂಕ, ಇನ್ನೂ ಏನೇನೋ. ಗಂಡನ ಉಸಿರು ಕಡಿಮೆಯಾಗಿದೆ ಎಂದು ಕೆಂಪಕ್ಷರದಲ್ಲಿ ಬರೆದಿರುವಾಗ ಸಣ್ಣಕ್ಷರವನ್ನು ಯಾರು ಓದುತ್ತಾರೆ?

ಮೇಷ್ಟ್ರಿಗೆ ಐವತ್ತೆಂಟು ವರ್ಷ. ಈ ಮಾತನ್ನು ನೀವು ಅವರ ಮುಂದೆ ಆಡಿದ್ದರೆ ಜಗಳಕ್ಕೇ ಬರುತ್ತಿದ್ದರು. ಅವರ ಪ್ರಕಾರ ಅವರಿಗೆ ಮೂವತ್ತೊಂದು. ಅದರ ಹಿಂದೊಂದು ಕತೆಯಿದೆ. ಆ ಕತೆ ಗೊತ್ತಾಗದೆ ಟೈಲರಮ್ಮನ ಭಯವೂ ಗೊತ್ತಾಗುವುದಿಲ್ಲ.

ಮೂವತ್ತೊಂದು ವರ್ಷದ ಹಿಂದೆ ಈ ಅಂಗಡಿ ಅವಳ ಅಪ್ಪನದಾಗಿತ್ತು. ಒಂದು ಮಧ್ಯಾಹ್ನ, ಅಪ್ಪ ಊಟಕ್ಕೆ ಹೋದಾಗ, ಒಣಕಲು ಆಸಾಮಿಯೊಬ್ಬ ಕೈಯಲ್ಲಿ ದೊಡ್ಡ ಕೋಟು ಹಿಡಿದು ಬಂದ. ಕಪ್ಪು ಉಣ್ಣೆಯದು, ಒಳ್ಳೆಯ ಬಟ್ಟೆ. ತೀರಿಹೋದ ಅಪ್ಪನದಂತೆ, ತನ್ನ ಮೈಗೆ ಕೂರುವಂತೆ ಮಾಡಿಕೊಡಬೇಕಂತೆ. "ಆದರೆ ಬಟ್ಟೆ ಕತ್ತರಿಸಬೇಡಿ, ಒಳಗೇ ಮಡಚಿ ಹೊಲೀರಿ" ಎಂದು ಎರಡು ಸಲ ಹೇಳಿದ. ಅವಳು ಟೇಪು ತೆಗೆದುಕೊಂಡು ಎದೆಯ ಸುತ್ತ ಹಿಡಿದಳು. ಆಸಾಮಿ ಎದೆಯುಬ್ಬಿಸಿ ಉಸಿರು ಕಟ್ಟಿ ನಿಂತುಬಿಟ್ಟ. ಒಂದು ನಿಮಿಷವಾಯಿತು, ಬಿಡಲೊಲ್ಲ.

"ಉಸಿರು ಬಿಡಿ ಸಾರ್. ಹಿಡಿದ ಉಸಿರಿಗೆ ಅಳತೆ ಸಿಗಲ್ಲ" ಎಂದಳು. ಅವರಿಬ್ಬರ ನಡುವಿನ ಮೊದಲ ಮಾತು ಅದು.

ಆಸಾಮಿ ಉಸಿರು ಬಿಟ್ಟ, ಜೊತೆಗೆ ಮನಸ್ಸನ್ನೂ ಅಲ್ಲೇ ಬಿಟ್ಟು ಹೋದ. ಕೋಟು ಕೊಡುವ ದಿನ ಜೇಬಿನಲ್ಲಿ ಒಂದು ಪದ್ಯ ಇಟ್ಟು, ಜೇಬು ಹರಿದಿದೆ, ನೋಡಿ ಎಂದು ವಾಪಸು ಕೊಟ್ಟ. ಜೇಬು ಸರಿಯಾಗಿಯೇ ಇತ್ತು. ಪದ್ಯ ಓದಿ ಅವಳಿಗೆ ನಗು ಬಂತು, ಆಮೇಲೆ ಯಾಕೋ ಕಣ್ಣಲ್ಲಿ ನೀರೂ ಬಂತು. ಅದು ಹೀಗಿತ್ತು:

ಥಾನಿನಲ್ಲಿ ಸುತ್ತಿಟ್ಟ ಬಟ್ಟೆಗೆ ಅಂಗಿ ಎನ್ನುವರೇನು?
ಇಲ್ಲವಾದರೆ, ಇವಳ ಸೂಜಿ ತಾಗುವ ಮೊದಲಿನ ದಿನಗಳನು
ನನ್ನ ವಯಸ್ಸೆಂದು ಬರೆಯುವುದು ಅನ್ಯಾಯ, ಕೇಳು ಕಾಲವೇ,
ನೀನು ತೊಡುವವನಲ್ಲ, ಹೊಲಿಯುವವನೂ ಅಲ್ಲ,
ಬರಿದೆ ಸವೆಸುವವನು, ಸವೆದದ್ದಕ್ಕೆ ಇವಳು ತೇಪೆ ಹಾಕುವ ತನಕ
ನೀನು ಹೊರಗೆ ನಿಂತಿರು, ಸರದಿ ಬಂದಾಗ ಕರೆಯುತ್ತೇವೆ,

ಇನ್ನೂ ಎಂಟು ಸಾಲು ಇತ್ತು. ಹದಿನಾಲ್ಕು ಸಾಲಿಗೂ ಸೇರಿ ಪೂರ್ಣವಿರಾಮ ಒಂದೇ, ಕೊನೆಯಲ್ಲಿ.

ಅಂದಿನಿಂದ ಮೇಷ್ಟ್ರ ಲೆಕ್ಕ ಹೊಸದಾಗಿ ಶುರುವಾಯಿತು. ಮದುವೆಯ ದಿನ ತಮಗೆ ಒಂದು ವರ್ಷ ಎಂದರು. ಮಗಳು ಹುಟ್ಟಿದಾಗ ತಾವು ನಾಲ್ಕು ವರ್ಷದ ಅಪ್ಪ ಎಂದು ಹೆರಿಗೆ ಆಸ್ಪತ್ರೆಯ ನರ್ಸಿಗೆ ಹೇಳಿ ಬೈಸಿಕೊಂಡರು. ಒಮ್ಮೆ ಗ್ರಂಥಾಲಯದ ಕಾರ್ಡಿಗೆ ವಯಸ್ಸು ಆರು ಎಂದು ಬರೆದುಕೊಟ್ಟದ್ದಕ್ಕೆ, ಅಲ್ಲಿಯವರು ಇವರಿಗೆ ಮಕ್ಕಳ ಪುಸ್ತಕ ಬಿಟ್ಟು ಬೇರೇನೂ ಕೊಡಲಿಲ್ಲ. ಇದಕ್ಕೆಲ್ಲ ಕಾರಣ ಅವರು ಪಾಠ ಹೇಳುತ್ತಿದ್ದ ಹಳೆಯ ಇಂಗ್ಲಿಷ್ ಕವಿಗಳ ಮೆಟಫಿಸಿಕಲ್ ಕವಿತೆಗಳು. ಹಾಗೆಂದರೇನು ಎಂದು ಅವಳು ಮದುವೆಯ ಹೊಸದರಲ್ಲಿ ಕೇಳಿದ್ದಳು.

"ಪ್ರೀತಿಸಿದೋನು ಕೋರ್ಟ್ ಹತ್ತಿದ ಹಾಗೆ ಕಣೆ" ಎಂದಿದ್ದರು. "ಎದುರು ಪಾರ್ಟಿ ಕಾಲ. ಇವನ ಹತ್ರ ಸಾಕ್ಷಿ ಇಲ್ಲ, ಪತ್ರ ಇಲ್ಲ, ಬರೀ ಬಾಯಿ. ಕೈಗೆ ಸಿಕ್ಕಿದ್ದನ್ನ ಹಿಡ್ಕೊಂಡು ವಾದ ಮಾಡ್ತಾನೆ, ಏಣಿ, ಚಮಚ, ಚಪ್ಪಲಿ, ಯಾವುದಾದ್ರೂ ಸರಿ. ಚಪ್ಪಲಿಗೂ ಪ್ರೀತಿಗೂ ಏನಯ್ಯಾ ಸಂಬಂಧ ಅಂತ ಕಾಲ ತಲೆ ಕೆರ್ಕೊಳ್ಳೋ ಹೊತ್ತಿಗೆ ಇವನು ಇನ್ನೊಂದು ಮುತ್ತು ಕೊಟ್ಟಾಗಿರತ್ತೆ."

"ಕೊನೇಗೆ ಗೆಲ್ತಾನಾ?"

"ಗೆಲ್ಲಲ್ಲ. ಮುಂದಿನ ತಾರೀಖಿಗೆ ವಾಯಿದೆ ತಗೋತಾನೆ."

ಅವಳಿಗೆ ಆಗ ತಮಾಷೆ ಎನಿಸಿತ್ತು. ಈಗ, ಅಳತೆ ಪುಸ್ತಕದೊಳಗೆ ಕಾಗದ ಬೆಂಕಿಯ ಹಾಗೆ ಕೂತಿರುವಾಗ, ಆ ಮಾತು ನೆನಪಾಗಿ ಎದ್ದೇಬಿಟ್ಟಳು.

ಆಸ್ಪತ್ರೆಗೆ ಫೋನು ಮಾಡಲು ಅಂಗಡಿಯ ಹಿಂದಿನ ಕೋಣೆಗೆ ಹೋದಳು. ಇಸ್ತ್ರಿಪೆಟ್ಟಿಗೆಯ ಪಕ್ಕ ನಿಂತು ಕಾಗದದ ನಂಬರು ಹೇಳಿದಳು. ಆ ಕಡೆಯ ಹೆಂಗಸು ಕಂಪ್ಯೂಟರಿನಲ್ಲಿ ನೋಡಿದಳು.

"ನಿಮಗೇನಾಗ್ಬೇಕಮ್ಮ ಇವರು?"

"ನಮ್ಮನೆಯವರು."

"ಅಯ್ಯೋ ಪಾಪ. ಈ ವಯಸ್ಸಿಗೆ ಇಷ್ಟು ಕಡಿಮೆ ಬರಬಾರದಿತ್ತಮ್ಮ. ಇನ್ನೂ ಎಷ್ಟು ಬದುಕಿ ಬಾಳಬೇಕಾದವರು. ಸಿಗರೇಟು ಗಿಗರೇಟು ಸೇದ್ತಾರಾ?"

"ಇಲ್ಲ. ಪದ್ಯ ಓದ್ತಾರೆ."

"ಏನು?"

"ಏನಿಲ್ಲ. ಡಾಕ್ಟರು ಯಾವತ್ತು ಸಿಗ್ತಾರೆ?"

ಇವತ್ತಿಗೆ ಹನ್ನೆರಡನೆಯ ದಿನಕ್ಕೆ ಸಿಗುತ್ತಾರೆ, ಅದಕ್ಕೆ ಮೊದಲು ಒಂದು ಜಾಗವೂ ಇಲ್ಲ ಎಂದಳು. ಹನ್ನೊಂದನೆಯ ದಿನ ಮೇಷ್ಟ್ರ ಕೊನೆಯ ಪಾಠ. ಪ್ರತಿ ವರ್ಷ ತರಗತಿ ಮುಗಿಯುವ ದಿನ ಅವರು ಅಪ್ಪನ ಕೋಟು ತೊಟ್ಟು, ಆ ಹದಿನಾಲ್ಕು ಸಾಲಿನ ಪದ್ಯವನ್ನು ಯಾರೋ ಹಳೆಯ ಕವಿಯ ಪದ್ಯದ ಅನುವಾದವೆಂದು ಸುಳ್ಳು ಹೇಳಿ, ಒಂದೇ ಉಸಿರಿನಲ್ಲಿ ಓದುತ್ತಿದ್ದರು. ಹುಡುಗರು ಬೆರಳಲ್ಲಿ ಸಾಲು ಎಣಿಸುತ್ತಿದ್ದರು. ಕೊನೆಯ ಬೆಂಚಿನಲ್ಲಿ ಕೂತು ಕೇಳುವುದು ಅವಳ ವಾಡಿಕೆ. ಈ ವರ್ಷಕ್ಕೆ ನೌಕರಿಯೂ ಮುಗಿಯುವುದರಿಂದ ಇದು ನಿಜಕ್ಕೂ ಕೊನೆಯ ಪಾಠ. ಅದೊಂದು ಮುಗಿಯಲಿ, ಅಲ್ಲಿಯವರೆಗೆ ಬಾಯಿಗೆ ಬೀಗ ಎಂದು ಅವಳು ತೀರ್ಮಾನಿಸಿದಳು. ಹನ್ನೊಂದು ದಿನ ಅವಳು ಬಾಯಿ ಮುಚ್ಚಿಕೊಂಡಿದ್ದಳು ಎಂದರೆ ಆ ಬೀದಿಯಲ್ಲಿ ಯಾರೂ ನಂಬಲಿಕ್ಕಿಲ್ಲ, ಆದರೆ ಇದ್ದಳು.

ಭಯಕ್ಕೆ ಕಿವಿ ಬಹಳ ಚುರುಕು. ಅಂಗಡಿಯ ಮೇಲಿನ ಮನೆಗೆ ಮೇಷ್ಟ್ರು ಮೆಟ್ಟಿಲು ಹತ್ತಿದರೆ ಅವಳು ಮೆಷಿನ್ನು ನಿಲ್ಲಿಸಿ ಕೇಳುತ್ತಿದ್ದಳು. ಹನ್ನೆರಡು ಮೆಟ್ಟಿಲು, ಎಂಟನೆಯದರಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಮೊದಲೂ ನಿಲ್ಲುತ್ತಿದ್ದರೇ? ನೆನಪಿಲ್ಲ. ಮೂವತ್ತು ವರ್ಷ ಒಟ್ಟಿಗೆ ಬಾಳಿ, ಗಂಡ ಯಾವ ಮೆಟ್ಟಿಲಲ್ಲಿ ನಿಲ್ಲುತ್ತಾನೆ ಎಂದು ಗೊತ್ತಿಲ್ಲವಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಸೋಪು ಹಚ್ಚಿಕೊಳ್ಳುತ್ತ ಹಾಡುತ್ತಿದ್ದವರು ಚರಣದ ನಡುವೆ ನಿಲ್ಲಿಸಿದರೆ ಬಚ್ಚಲ ಬಾಗಿಲು ಬಡಿಯುತ್ತಿದ್ದಳು.

"ಏನೇ?"

"ಏನಿಲ್ಲ. ಹಾಡು ಯಾಕೆ ನಿಲ್ಸಿದ್ರಿ?"

"ಸಾಲು ಮರೆತುಹೋಯ್ತು. ಈಗ ಸ್ನಾನಕ್ಕೂ ಪಹರೆನಾ?"

ಐದನೆಯ ದಿನ ತಡೆಯಲಾಗದೆ, ಹೊಸ ಅಂಗಿಯ ನೆಪ ಹೇಳಿ ಅಂಗಡಿಗೆ ಕರೆದು ಅಳತೆ ಹಿಡಿದಳು. ಮೊದಲು ಉಸಿರು ಎಳೆದುಕೊಂಡಾಗ, ಆಮೇಲೆ ಬಿಟ್ಟಾಗ. ಅಪ್ಪ ಕಲಿಸಿದ ಪದ್ಧತಿ ಅದು. ಎರಡರ ನಡುವಿನ ಅಂತರ ನೋಡಿಯೇ ಗುಂಡಿ ಎಲ್ಲಿ ಬರಬೇಕೆಂದು ಗುರುತು ಮಾಡುವುದು. ಹಳೆಯ ಅಳತೆಗೆ ಬಟ್ಟೆ ಕತ್ತರಿಸುವುದು ಅಂಗಡಿಯಲ್ಲಿ ಮಹಾ ಅಪರಾಧ. ನೆನ್ನೆ ಬಂದ ಗಿರಾಕಿ ಇವತ್ತು ಬಂದರೂ ಹೊಸದಾಗಿ ಅಳೆಯಬೇಕು. ಮೇಷ್ಟ್ರ ಹಾಳೆಯಲ್ಲಿ ಮೂವತ್ತೊಂದು ಸಾಲು ಇದ್ದವು. ಮೊದಲ ಸಾಲಿನಲ್ಲಿ ಅಂತರ ಮೂರು ಇಂಚು. ಇವತ್ತು ಒಂದೂವರೆ.

"ಎಷ್ಟಾಯ್ತೇ? ಮೂವತ್ತೊಂದರ ಯುವಕನ ಎದೆ ಹೇಗಿದೆ?"

"ಕಲ್ಲಿದ್ದ ಹಾಗಿದೆ" ಎಂದು ಮುಖ ತಿರುಗಿಸಿ ಬರೆದುಕೊಂಡಳು. ಪೆನ್ಸಿಲ್ಲಿನ ಮೊನೆ ಪಟಕ್ಕನೆ ಮುರಿಯಿತು.

ಇನ್ನೊಂದು ಗುಟ್ಟು ಹೇಳಬೇಕು, ಇದನ್ನು ಮೇಷ್ಟ್ರಿಗೆ ಯಾರೂ ಹೇಳಿರಲಿಲ್ಲ. ಅಪ್ಪನ ಕೋಟು ಇವತ್ತಿಗೂ ತಮಗೆ ಹಾಗೇ ಕೂರುತ್ತದೆ, ಒಂದು ನೂಲೂ ಹೆಚ್ಚುಕಡಿಮೆಯಿಲ್ಲ ಎಂದು ಅವರು ಸ್ಟಾಫ್ ರೂಮಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಕೂರದೆ ಏನು? ಪ್ರತಿ ವರ್ಷ ಕೊನೆಯ ಪಾಠಕ್ಕೆ ನಾಲ್ಕು ದಿನ ಮುಂಚೆ, ಅವರು ಕಾಲೇಜಿಗೆ ಹೋದ ಮೇಲೆ, ಅವಳು ಲೈನಿಂಗ್ ಬಿಚ್ಚಿ, ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯಲ್ಲಿ ಕಾಲಿಂಚೋ ಅರ್ಧ ಇಂಚೋ ಬಿಡುತ್ತಿದ್ದಳು. ಮತ್ತೆ ಹೊಲಿದು, ಇಸ್ತ್ರಿ ಮಾಡಿ, ಅದೇ ಹ್ಯಾಂಗರಿಗೆ ನೇತುಹಾಕುತ್ತಿದ್ದಳು. ಅವರು ಬಾಯಲ್ಲಿ ಮಾಡಿದ್ದನ್ನು ಅವಳು ದಾರದಲ್ಲಿ ಮಾಡುತ್ತಿದ್ದಳು.

ಏಳನೆಯ ದಿನ ಎಂದಿನಂತೆ ಕೋಟನ್ನು ಮೇಜಿನ ಮೇಲೆ ಮಗುಚಿ ಹಾಕಿ ಹೊಲಿಗೆ ಬಿಚ್ಚಿದಳು. ಬಟ್ಟೆ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಉಣ್ಣೆಯಲ್ಲಿ ಸಾಲಾಗಿ ಸಣ್ಣ ಸಣ್ಣ ತೂತುಗಳು ಕಂಡವು, ಯಾವುದೋ ಕಾಲದ ಸೂಜಿ ಹೊಕ್ಕು ಹೊರಟ ಗುರುತು. ಅದು ಅವಳ ಹೊಲಿಗೆಯಲ್ಲ, ಅವಳ ಅಪ್ಪನದೂ ಅಲ್ಲ. ಕೋಟು ಮೊದಲು ಹುಟ್ಟಿದಾಗಿನದು. ಇವತ್ತು ಬಿಡಬೇಕಾದ ಅರ್ಧ ಇಂಚು ಬಿಟ್ಟರೆ ಹೊಲಿಗೆ ಸರಿಯಾಗಿ ಆ ತೂತುಗಳ ಮೇಲೇ ಬೀಳುತ್ತದೆ. ಅದರಾಚೆ ಬಟ್ಟೆಯಿಲ್ಲ. ವರ್ಷ ವರ್ಷವೂ ಇಷ್ಟಿಷ್ಟೇ ಬಿಡುತ್ತ ಬಿಡುತ್ತ, ಕೋಟನ್ನು ಸತ್ತವನ ಅಳತೆಗೆ ತಂದು ನಿಲ್ಲಿಸಿದ್ದಳು.

"ಯಾಕತ್ತಿಗೆ, ಹುಳ ಹಿಡಿದಿದೆಯಾ?" ಎಂದು ನಾದಿನಿ ಎದ್ದು ಬಂದಳು. ತೂತುಗಳ ಮೇಲೆ ಬೆರಳಾಡಿಸಿ, "ಓ, ನಮ್ಮಪ್ಪನ ಕಾಲದ ಹೊಲಿಗೆ" ಎಂದಳು. ಅವಳ ಧ್ವನಿ ಮೆತ್ತಗಾಯಿತು. "ಅಪ್ಪ ಕಡೇ ಸಲ ಇದನ್ನ ಹಾಕ್ಕೊಂಡಾಗ ನಾನು ಚಿಕ್ಕೋಳು. ಗುಂಡಿ ಹಾಕೋಕೂ ಉಸಿರು ಸಾಲ್ತಿರಲಿಲ್ಲ, ನಾನೇ ಹಾಕಿದ್ದೆ."

"ಉಸಿರು?"

"ಹೂಂ, ಉಸಿರಿನ ಕಾಯಿಲೆ ತಾನೆ ಅಪ್ಪಂಗೆ. ಅಣ್ಣ ಹೇಳಿಲ್ವಾ?"

ಅಣ್ಣ ಹೇಳಿರಲಿಲ್ಲ. ಅಪ್ಪ ತೀರಿಹೋದರು ಎಂದು ಹೇಳಿದ್ದರು, ಮೂವತ್ತೊಂದು ವರ್ಷದಲ್ಲಿ ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ.

"ತೀರಿಹೋದಾಗ ಎಷ್ಟಾಗಿತ್ತೇ ಅವರಿಗೆ?"

ನಾದಿನಿ ಬೆರಳು ಮಡಚಿ ಎಣಿಸಿದಳು. "ಐವತ್ತೆಂಟು. ನೋಡಿ, ಈಗ ಅಣ್ಣಂಗೆ ಆಗಿರೋಷ್ಟೇ." ಹೇಳಿದ ಮೇಲೆ ಏನು ಹೇಳಿದೆನೆಂದು ಅವಳಿಗೇ ಹೊಳೆದು, "ಥೂ, ನನ್ನ ಬಾಯಿಗಿಷ್ಟು" ಎಂದು ಕೆನ್ನೆಗೆ ಹೊಡೆದುಕೊಂಡಳು.

ಟೈಲರಮ್ಮ ಅವತ್ತು ಹೊಲಿಗೆ ಹಾಕಲಿಲ್ಲ. ಮಾರನೆಯ ದಿನವೂ ಇಲ್ಲ. ಆ ತೂತುಗಳ ಮೇಲೆ ಸೂಜಿ ಇಳಿಸಲು ಕೈ ಬಾರದು. ಹತ್ತನೆಯ ದಿನ ಗುಂಡಿಗಳನ್ನು ಅಂಚಿಗೆ ಸರಿಸಿ, ಪಕ್ಕದ ಹೊಲಿಗೆಯನ್ನು ಹೋದ ವರ್ಷದ ಜಾಗದಲ್ಲೇ ಹಾಕಿದಳು. ಬಿಗಿಯಾಗುತ್ತದೆ ಎಂದು ಗೊತ್ತಿತ್ತು. ಬಿಗಿಯಾದರೆ ಆಗಲಿ, ಆ ಅಳತೆಯೊಳಗೆ ಮಾತ್ರ ಅವರನ್ನು ಕಳಿಸಲಾರೆ ಎಂದುಕೊಂಡಳು.

ಹನ್ನೊಂದನೆಯ ದಿನ ತರಗತಿ ತುಂಬಿ ಕಿಟಕಿಯ ಕಟ್ಟೆಯ ಮೇಲೂ ಹುಡುಗರು ಕೂತಿದ್ದರು. ಮೇಷ್ಟ್ರು ಕೋಟು ತೊಟ್ಟು ಹಲಗೆಯ ಮುಂದೆ ನಿಂತರು. ಅವಳು ಕೊನೆಯ ಬೆಂಚಿನಲ್ಲಿ, ಕೈಚೀಲವನ್ನು ಎದೆಗೊತ್ತಿಕೊಂಡು ಕೂತಿದ್ದಳು. ಅವಸರದಲ್ಲಿ ಕೊರಳಿನ ಟೇಪನ್ನು ತೆಗೆಯುವುದೇ ಮರೆತಿತ್ತು. ಪಕ್ಕದ ಹುಡುಗಿ ನೋಡಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಈ ಕವಿಗಳಿಗೆ ಸಾವು ಅಂದ್ರೆ ಭಯ ಇರಲಿಲ್ಲ ಅಂದ್ಕೋಬೇಡಿ" ಎಂದರು ಮೇಷ್ಟ್ರು. "ಭಯದಲ್ಲೇ ಇಷ್ಟು ಮಾತಾಡ್ತಿದ್ರು. ಕತ್ತಲಲ್ಲಿ ಒಬ್ಬನೇ ಹೋಗೋನು ಜೋರಾಗಿ ಹಾಡ್ತಾನಲ್ಲ, ಹಾಗೆ. ಪ್ರೀತಿ ಅಂದ್ರೆ ಇಲ್ಲಿ ಆ ಹಾಡು, ಅಷ್ಟೇ."

ಹುಡುಗರು ಬರೆದುಕೊಂಡರು. ಇಷ್ಟು ವರ್ಷದಲ್ಲಿ ಈ ಮಾತನ್ನು ಅವರು ಹೇಳಿದ್ದನ್ನು ಅವಳು ಕೇಳಿರಲಿಲ್ಲ. ಆಮೇಲೆ ಅವರು ಕಣ್ಣು ಮುಚ್ಚಿ, ಎದೆ ತುಂಬ ಗಾಳಿ ಎಳೆದುಕೊಂಡರು. ಕೋಟಿನ ಗುಂಡಿಗಳು ಬಿರಿಯುವ ಹಾಗೆ ಎಳೆದವು. ಓದು ಶುರುವಾಯಿತು.

ಒಂದನೆಯ ಸಾಲು. ಎರಡನೆಯದು. ಹುಡುಗರ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು. ಅವಳಿಗೆ ಪದ್ಯ ಕೇಳಿಸುತ್ತಿರಲಿಲ್ಲ, ಪದಗಳ ಕೆಳಗೆ ಉಸಿರು ತೆಳುವಾಗುತ್ತ ಹೋಗುವುದು ಮಾತ್ರ ಕೇಳಿಸುತ್ತಿತ್ತು. ಏಳು. ಎಂಟು. ಮೇಷ್ಟ್ರು ಕಣ್ಣು ತೆರೆದು, ಎಂದಿನಂತೆ ಕೊನೆಯ ಬೆಂಚಿನ ಕಡೆ ನೋಡಿದರು. ಒಂಬತ್ತನೆಯ ಸಾಲಿನ ನಡುವೆ ಸದ್ದು ನಿಂತುಹೋಯಿತು.

ಬಾಯಿ ತೆರೆದೇ ಇತ್ತು.

"ರೀ!" ಎಂದು ಅವಳು ಎದ್ದು ನಿಂತಳು. ಹನ್ನೊಂದು ದಿನ ತಡೆದಿಟ್ಟ ಗಂಟಲು ಅದು, ಮೂರು ತರಗತಿಯಾಚೆಗೂ ಕೇಳಿಸಿರಬೇಕು. "ಸಾಕು ನಿಲ್ಸಿ! ಕೂತ್ಕೊಳ್ಳಿ! ಯಾರಾದ್ರೂ ಕುರ್ಚಿ ಕೊಡ್ರೋ ಅವರಿಗೆ!"

ಹುಡುಗರು ಇದೂ ಪಾಠದ ಭಾಗವೇನೋ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಸ್ಟಾಫ್ ರೂಮಿನಲ್ಲಿ ಅವಳು ಕೈಚೀಲದಿಂದ ಕಾಗದ ತೆಗೆದು ಅವರ ಮುಂದಿಟ್ಟಳು. ಮೇಷ್ಟ್ರು ಕೆಂಪು ಸಾಲನ್ನಷ್ಟೇ ಓದಿದರು. ಅವರೂ ಸಣ್ಣಕ್ಷರ ಓದುವವರಲ್ಲ. ತಮಾಷೆ ಮಾಡುತ್ತಾರೆ ಎಂದು ಅವಳು ಕಾದಳು, ಬೈದರೂ ಆಗುತ್ತಿತ್ತು. ಅವರು ಕಾಗದವನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು, "ಬಂತಾ" ಎಂದರು. ಮನೆ ಖಾಲಿ ಮಾಡಲು ಹೇಳಿಕಳಿಸಿದಾಗ ಬಾಡಿಗೆಯವನು ಹೇಳುವ ಹಾಗೆ, ಅಷ್ಟೇ ಸಣ್ಣದಾಗಿ. ಆ ಒಂದು ಮಾತಿಗೆ ಅವಳು ಹೆದರಿದಷ್ಟು ಕೆಂಪು ಸಾಲಿಗೂ ಹೆದರಿರಲಿಲ್ಲ.

ಮಾರನೆಯ ಬೆಳಿಗ್ಗೆ ಡಾಕ್ಟರ ಕೋಣೆಯಲ್ಲಿ ಇಬ್ಬರೂ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ತಲೆಯೆತ್ತದೆ ಕಾಗದ ನೋಡುತ್ತಿದ್ದಳು. ಮೇಷ್ಟ್ರು ಕೋಟನ್ನು ತೊಟ್ಟೇ ಬಂದಿದ್ದರು.

"ಪೇಶೆಂಟ್ ಎಲ್ಲಿ?" ಎಂದಳು ಡಾಕ್ಟರು.

"ನಾನೇ."

ಡಾಕ್ಟರು ಕಾಗದ ನೋಡಿದಳು, ಮೇಷ್ಟ್ರನ್ನು ನೋಡಿದಳು, ಮತ್ತೆ ಕಾಗದ ನೋಡಿದಳು. "ಇಲ್ಲ, ನಿಮ್ಮ ಮಗನ್ನ ಕೇಳಿದ್ದು. ಅವರು ಬಂದಿಲ್ವಾ?"

"ನಮಗೆ ಮಗ ಇಲ್ಲ" ಎಂದಳು ಟೈಲರಮ್ಮ. "ಒಬ್ಬಳೇ ಮಗಳು."

"ಮತ್ತೆ ಇಲ್ಲಿ ವಯಸ್ಸು ಮೂವತ್ತೊಂದು ಅಂತಿದೆಯಲ್ಲ?"

ಅವಳು ನಿಧಾನವಾಗಿ ಗಂಡನ ಕಡೆ ತಿರುಗಿದಳು. ಮೇಷ್ಟ್ರ ಕಿವಿಯ ತುದಿ ಕೆಂಪಾಗಿತ್ತು.

"ಫಾರಮ್ಮಿನಲ್ಲಿ... ಕೇಳಿದ್ರು" ಎಂದರು. "ರೂಢಿ."

"ರೂಢಿಯಂತೆ ರೂಢಿ!" ಅವಳು ಎದ್ದೇ ನಿಂತಳು. "ಹನ್ನೆರಡು ದಿನ ನನ್ನ ಜೀವ ಬಾಯಿಗೆ ಬಂದು ಕೂತಿದೆ, ನಿಮಗೆ ರೂಢಿ! ಡಾಕ್ಟ್ರೇ, ಇವರಿಗೆ ಐವತ್ತೆಂಟು. ಬರ್ಕೊಳ್ಳಿ. ಐವತ್ತೆಂಟು!"

ಡಾಕ್ಟರು ನಗು ತಡೆದುಕೊಂಡು ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. ಮೂವತ್ತೊಂದರವನು ಎಷ್ಟು ಊದಬೇಕೋ ಅದಕ್ಕೆ ಹೋಲಿಸಿದ್ದರಿಂದ ಎಪ್ಪತ್ನಾಲ್ಕು ಬಂದಿತ್ತಂತೆ. ಐವತ್ತೆಂಟಕ್ಕೆ ಹೋಲಿಸಿದರೆ ಏನೂ ತೊಂದರೆಯಿಲ್ಲವಂತೆ. ಪರದೆಯನ್ನು ಅವರ ಕಡೆ ತಿರುಗಿಸಿ ತೋರಿಸಿದಳು. "ನೋಡಿ, ಶ್ವಾಸಕೋಶದ ವಯಸ್ಸು ಅಂತ ಬರುತ್ತೆ ಇಲ್ಲಿ. ಐವತ್ತೆಂಟು. ಕರೆಕ್ಟಾಗಿ ನಿಮ್ಮ ವಯಸ್ಸೇ. ಕಾಯಿಲೆ ಏನೂ ಇಲ್ಲ."

"ಮತ್ತೆ ನೆನ್ನೆ ಒಂಬತ್ತನೇ ಸಾಲಲ್ಲಿ ನಿಂತ್ರಲ್ಲ?" ಎಂದಳು ಅವಳು.

"ನಿನ್ನ ಮುಖ ನೋಡಿದೆ" ಎಂದರು ಮೇಷ್ಟ್ರು. "ಹೆಣ ನೋಡೋ ಹಾಗೆ ನೋಡ್ತಿದ್ದೆ ನನ್ನ. ಉಸಿರು ತಪ್ಪಿಹೋಯ್ತು."

ಅವಳಿಗೆ ಅಳು ನುಗ್ಗಿ ಬಂತು. ಎದೆಯ ಮೇಲಿದ್ದ ಬಂಡೆ ಇಳಿದಿತ್ತು, ಯಾರನ್ನಾದರೂ ತಬ್ಬಿಕೊಳ್ಳಬೇಕೆನಿಸಿತ್ತು. ಸೆರಗಿನಿಂದ ಮೂಗೊರೆಸಿಕೊಂಡು, "ಹಾಗಾದ್ರೆ ಮೊದಲಿಗಿಂತ ಕಡಿಮೆ ಆಗಿರೋ ಉಸಿರು?" ಎಂದು ಕೇಳಿದಳು. "ನಾನು ಟೇಪಿನಲ್ಲಿ ನೋಡಿದೀನಿ. ಮೂರು ಇಂಚಿತ್ತು, ಈಗ ಒಂದೂವರೆ. ಅದಕ್ಕೇನು ಮಾತ್ರೆ?"

"ಅದಕ್ಕೆ ಮಾತ್ರೆ ಇಲ್ಲಮ್ಮ. ಅದು ವಯಸ್ಸು. ಎಲ್ಲರಿಗೂ ಆಗೋದು." ಡಾಕ್ಟರು ಸಮಾಧಾನದ ಧ್ವನಿಯಲ್ಲೇ ಹೇಳಿದಳು. "ಅದೇ ನಾರ್ಮಲ್."

ಬಂಡೆ ಇಳಿದ ಜಾಗದಲ್ಲಿ ತಣ್ಣನೆಯದೊಂದು ಬಂದು ಕೂತಿತು. ಹನ್ನೆರಡು ದಿನ ಅವಳು ಕಾಯಿಲೆಗೆ ಹೆದರಿದ್ದಳು. ಕಾಯಿಲೆಗಾದರೆ ಡಾಕ್ಟರಿದ್ದಾರೆ, ಮದ್ದಿದೆ, ಬೇಕಾದರೆ ಕೊಯ್ಯುತ್ತಾರೆ. ಈಗ ಹೆದರುವುದಕ್ಕೆ ಕಾಯಿಲೆಯೂ ಇಲ್ಲ. ಏನೂ ಆಗಿಲ್ಲ, ಮೂವತ್ತೊಂದು ವರ್ಷವಾಗಿದೆ, ಅಷ್ಟೇ.

"ಈ ಫಾರಂ ಇನ್ನೊಂದು ಸಲ ತುಂಬಿಕೊಡಿ" ಎಂದು ಡಾಕ್ಟರು ಹಾಳೆಯೊಂದನ್ನು ಸರಿಸಿದಳು. "ಸರಿಯಾದ ವಯಸ್ಸು ನೀವೇ ಬರೆದು ಸಹಿ ಹಾಕಿ. ಹೊರಗೆ ಬೆಂಚಿದೆ, ಆರಾಮಾಗಿ ಬರೀರಿ."

ಹೊರಗಿನ ಬೆಂಚಿನಲ್ಲಿ ಮೇಷ್ಟ್ರು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಸರು ಬರೆದರು, ವಿಳಾಸ ಬರೆದರು. ವಯಸ್ಸಿನ ಮುಂದೆ ಪೆನ್ನು ನಿಂತಿತು. ಅವಳು ಮೊದಲು ಆಟವೆಂದುಕೊಂಡಳು. ಆಮೇಲೆ ನೋಡಿದರೆ ಅವರು ಬರೆದ ಹೆಸರನ್ನೇ ಮತ್ತೆ ಮತ್ತೆ ತಿದ್ದುತ್ತಿದ್ದರು.

"ಬರೀರಿ ಮತ್ತೆ."

"ನೀನೇ ಬರಿ."

"ನಿಮ್ಮ ಕೈಗೇನಾಗಿದೆ?"

"ಆಗಲ್ಲ ಕಣೆ" ಎಂದರು. ನಗಲು ನೋಡಿದರು, ಆಗಲಿಲ್ಲ. "ಅಪ್ಪ ಹೋದ ಮೇಲೆ ಆಸ್ಪತ್ರೆಯ ಕಾಗದದಲ್ಲಿ ನಾನೇ ಬರೆದದ್ದು. ವಯಸ್ಸು ಅಂತ ಇತ್ತು, ಐವತ್ತೆಂಟು ಅಂತ ಬರೆದೆ. ಮಾರನೇ ವಾರ ಕೋಟು ತಗೊಂಡು ನಿಮ್ಮ ಅಂಗಡಿಗೆ ಬಂದೆ. ಆವತ್ತಿಂದ ನಾನಾಗೇ ನನ್ನ ನಿಜವಾದ ವಯಸ್ಸು ಬರೆದಿಲ್ಲ. ಬರೆದ್ರೆ ಆ ಐವತ್ತೆಂಟು ಬಂದುಬಿಡುತ್ತೆ ಅನ್ನೋ ಹಾಗೆ. ಈ ವರ್ಷ ದಿನಾ ಬೆಳಿಗ್ಗೆ ಎದ್ದಾಗ ಮೊದಲು ಉಸಿರು ನೋಡ್ಕೋತೀನಿ."

ಅವಳು ಬೆಪ್ಪಾಗಿ ಕೂತಳು. ಮೂವತ್ತೊಂದು ವರ್ಷ ನಕ್ಕದ್ದೇ ನಕ್ಕದ್ದು, ಗ್ರಂಥಾಲಯದ ಕಾರ್ಡಿಗೆ, ನಾಲ್ಕು ವರ್ಷದ ಅಪ್ಪನಿಗೆ, ಥಾನಿನ ಪದ್ಯಕ್ಕೆ. ಅಷ್ಟು ದಿನವೂ ಈ ಮನುಷ್ಯ ಕತ್ತಲಲ್ಲಿ ಹಾಡುತ್ತ ನಡೆದಿದ್ದರು; ಅವಳು ಹಾಡು ಚೆನ್ನಾಗಿದೆ ಎಂದು ತಾಳ ಹಾಕಿದ್ದಳು. ಅಯ್ಯೋ ನನ್ನ ಬುದ್ಧಿಗಿಷ್ಟು ಎಂದು ಒಳಗೇ ಬೈದುಕೊಂಡಳು.

ಪೆನ್ನು ಅವರ ಕೈಯಿಂದ ತೆಗೆದುಕೊಂಡಳು. ಐ ವ ತ್ತೆಂ ಟು ಎಂದು ಬಾಯಲ್ಲಿ ಹೇಳುತ್ತ, ಅಳತೆ ಪುಸ್ತಕದಲ್ಲಿ ಬರೆಯುವಂತೆ ದಪ್ಪಗೆ, ಮೊದಲು ಐದು, ಆಮೇಲೆ ಎಂಟು ಬರೆದಳು. ಅವರು ಮುಖ ತಿರುಗಿಸಲಿಲ್ಲ, ನೋಡುತ್ತಲೇ ಇದ್ದರು. ಬರೆದಾಯಿತು. ಆಸ್ಪತ್ರೆ ಎಲ್ಲಿತ್ತೋ ಅಲ್ಲೇ ಇತ್ತು, ಎದುರು ಬೆಂಚಿನ ಮುದುಕಿ ಆಕಳಿಸಿದಳು.

"ಇನ್ನೊಂದು ಹೇಳ್ಬೇಕು" ಎಂದಳು. "ಈ ಕೋಟು ನಿಮಗೆ ಹಾಗೇ ಕೂರುತ್ತೆ ಅಂತೀರಲ್ಲ, ಸುಳ್ಳು. ವರ್ಷಾವರ್ಷ ನಾನು ಬಿಡ್ತಾ ಬಂದಿದೀನಿ. ಈಗ ಒಳಗೆ ಬಟ್ಟೆ ಮುಗೀತು. ಇನ್ನು ಬಿಟ್ರೆ ನಿಮ್ಮಪ್ಪನ ಅಳತೆ."

ಮೇಷ್ಟ್ರು ಕೋಟಿನ ಅಂಚು ಮಗುಚಿ ಒಳಗಿನ ಹೊಲಿಗೆ ಸವರಿದರು. "ನಂಗೊತ್ತಿತ್ತು" ಎಂದರು ಆಮೇಲೆ. "ಪ್ರತಿ ವರ್ಷ ಲೈನಿಂಗ್ ಮೇಲೆ ಹೊಸ ದಾರ ಇರುತ್ತಿತ್ತು. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ."

"ತೆಗೀರಿ ಅದನ್ನ. ಹೊಸದು ಹೊಲೀತೀನಿ."

"ಯಾರ ಅಳತೆಗೆ?"

"ಇನ್ಯಾರ ಅಳತೆಗೆ? ನಿಮ್ಮದಕ್ಕೆ. ಎದ್ದೇಳಿ."

"ಇಲ್ಲಾ? ಎಲ್ಲರೂ ನೋಡ್ತಿದಾರೆ."

"ನೋಡ್ಲಿ. ಹಳೇ ಅಳತೆಗೆ ನಾನು ಕತ್ತರಿ ಹಾಕಲ್ಲ."

ಮೇಷ್ಟ್ರು ಎದ್ದು ಕೋಟು ಬಿಚ್ಚಿ ಬೆಂಚಿನ ಮೇಲಿಟ್ಟರು. ಬರೀ ಅಂಗಿಯಲ್ಲಿ ಅವರು ಚಿಕ್ಕದಾಗಿ ಕಂಡರು. ಅವಳು ಕೈಚೀಲದಿಂದ ಟೇಪು ತೆಗೆದು, ಎರಡು ಕೈಯಲ್ಲೂ ಅವರನ್ನು ಬಳಸಿ, ಬೆನ್ನ ಹಿಂದಿನಿಂದ ಟೇಪು ತಂದು ಎದೆಯ ಮೇಲೆ ಕೂಡಿಸಿದಳು. ಬೆರಳ ಕೆಳಗೆ ಅವರ ಎದೆ ಬಡಿಯುವುದು ಗೊತ್ತಾಯಿತು. ಮೇಷ್ಟ್ರು ಎದೆ ತುಂಬ ಗಾಳಿ ಎಳೆದುಕೊಂಡು, ಕಣ್ಣು ಮುಚ್ಚಿ ನಿಂತುಬಿಟ್ಟರು.

"ಉಸಿರು ಬಿಡಿ" ಎಂದಳು ಅವಳು.

ಅವರು ಬಿಡಲಿಲ್ಲ. ಅವಳೂ ಮತ್ತೆ ಹೇಳಲಿಲ್ಲ. ಟೇಪು ಹಿಡಿದುಕೊಂಡು ಹಾಗೇ ನಿಂತಿದ್ದಳು.